ಜಾತ್ರೆಯ ಡೇರೆ, ಸಂಘದ ಗೋದಾಮು

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣ ಮಾಡಿ ರೂಢಿ ಇದ್ದವನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಕೂರಿಗೆ ಹಿಡಿದವನು. ಕಾರ್ಯದರ್ಶಿಯವರು ಬಂದು, "ಸಂಘದ ಇಪ್ಪತ್ತೈದು ವರ್ಷದಾಗ ನಿಮಗ ಗೊತ್ತಿದ್ದ ಒಂದು ಕೆಲಸದ ಬಗ್ಗೆ ಎರಡು ಮಾತು ಹೇಳ್ರಿ" ಅಂದರು. ಸಾಲ, ಬೀಜ, ಗೊಬ್ಬರದ ಲೆಕ್ಕ ವಾರ್ಷಿಕ ವರದಿಯಲ್ಲಿ ಇದ್ದೇ ಇದೆ. ವರದಿಯಲ್ಲಿ ಒಂದೇ ಸಾಲಿನಲ್ಲಿ ಮುಗಿದು ಹೋಗುವ ಕೆಲಸ ಒಂದಿದೆ, ಅದು ನಮ್ಮ ಎಲ್ಲಮ್ಮನ ಗುಡ್ಡದ ಡೇರೆಗಳ ಕೆಲಸ. ಅದನ್ನೇ ಹೇಳುತ್ತೇನೆ.

ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಮ್ಮೂರಿನಿಂದ ಭಾರತ ಹುಣ್ಣಿಮೆಗೆ ಹೋಗುವುದು ಅಜ್ಜ ಮುತ್ತಜ್ಜರ ಕಾಲದ ನಡತೆ. ನಾನು ಸಣ್ಣವನಿದ್ದಾಗ ಚಕ್ಕಡಿಗೆ ಕೊಲ್ಲಾರಿ ಕಟ್ಟಿ, ಎತ್ತಿನ ಕೊರಳಿಗೆ ಗೆಜ್ಜೆ ಹಾಕಿ ಹೋಗುತ್ತಿದ್ದೆವು. ಚಕ್ಕಡಿಯೇ ನಮ್ಮ ಮನೆ. ಅದರ ನೆರಳಿಗೇ ಒಲೆ, ಅದರ ಬುಡದಲ್ಲೇ ನಿದ್ದೆ. ಜೋಗುಳಬಾವಿಯಲ್ಲಿ ಜಳಕ ಮಾಡಿ, ಹೋಳಿಗೆ ಕಡಬು ಮಾಡಿ, ಪಡ್ಡಲಗಿ ತುಂಬಿಸಿ, ಉಧೋ ಉಧೋ ಅಂತ ಗುಡಿಗೆ ನಡೆಯುವುದು. ಮುಂದೆ ಟ್ರ್ಯಾಕ್ಟರ್ ಬಂತು, ಚಕ್ಕಡಿ ಕಡಿಮೆಯಾದವು. ಚಕ್ಕಡಿ ಹೋದ ಮೇಲೆ ಇಳಿದುಕೊಳ್ಳಲಿಕ್ಕೆ ಮನೆಮನೆಗೆ ಒಂದು ಡೇರೆ ಬೇಕಾಯಿತು. ಒಂದು ತಾಡಪತ್ರಿ, ನಾಲ್ಕು ಬಿದಿರ ಗಳ, ಎಂಟು ಗೂಟ, ಒಂದು ಸಿಂಬಿ ಹಗ್ಗ.

ಇದು ಬಳಕೆಗೆ ಬರುವುದು ವರ್ಷದಲ್ಲಿ ಮೂರು ದಿನ, ಬಹಳ ಅಂದರೆ ನಾಲ್ಕು ದಿನ. ಉಳಿದ ದಿನ ಎಲ್ಲಿಡಬೇಕು? ಕೆಲವರು ದನದ ಕೊಟ್ಟಿಗೆಯ ಮೂಲೆಗೆ ಒಗೆದರು, ಕೆಲವರು ಕಣಕಿ ಬಣವಿಗೆ ಹೊದಿಸಿದರು. ಬಿಸಿಲಿಗೆ ತಾಡಪತ್ರಿ ಹಪ್ಪಳವಾಯಿತು, ಗಳಕ್ಕೆ ಒರಲೆ ಹತ್ತಿತು. ಮರುವರ್ಷ ಹುಣ್ಣಿಮೆ ಎಂಟು ದಿನ ಇದೆ ಅನ್ನುವಾಗ ಮತ್ತೆ ಪೇಟೆಗೆ ಓಟ. ಹೋಗುವಾಗ ಟ್ರ್ಯಾಕ್ಟರ್ ಬಾಡಿಗೆ ಹೇಳಿದಷ್ಟು. ಮೂವತ್ತೆಂಟು ಮನೆಗೆ ಒಂಬತ್ತು ಟ್ರ್ಯಾಕ್ಟರ್ ಹೋದ ವರ್ಷವನ್ನು ನಾನೇ ಕಂಡಿದ್ದೇನೆ. ಟ್ರೇಲರ್‌ದಲ್ಲಿ ಕೆಳಗೆ ಗಳ, ಮೇಲೆ ಪಾತ್ರೆ, ಅದರ ಮೇಲೆ ಹೆಣ್ಣುಮಕ್ಕಳು, ಕೂಸು. ಒಂದು ವರ್ಷ ತಿರುವಿನಲ್ಲಿ ಗಳ ಜಾರಿ ನನ್ನ ಅಕ್ಕನ ಮಗ ಕೆಳಗೆ ಬಿದ್ದ. ದೇವಿ ದಯೆ, ಕೈ ಮುರಿದದ್ದಕ್ಕೆ ಮುಗಿಯಿತು. ಆ ಕೈ ಇವತ್ತಿಗೂ ಪೂರ್ತಿ ನೆಟ್ಟಗಿಲ್ಲ.

2012ರಲ್ಲಿ ನಾನು ಹೊಸದಾಗಿ ನಿರ್ದೇಶಕನಾಗಿದ್ದೆ. ಮಹಾಸಭೆಯಲ್ಲಿ ಎದ್ದು ನಿಂತು ಹೇಳಿದೆ: "ಸಂಘದ ಗೋದಾಮಿನಾಗ ಒಂದು ಮೂಲಿ ಕೊಡ್ರಿ. ಎಲ್ಲಾರ ಡೇರೆ ಅಲ್ಲೇ ಇಡೂಣು. ಸಾಮಾನಿಗೆ ಎರಡು ಟ್ರ್ಯಾಕ್ಟರ್ ಸಾಕು. ಮಂದಿ ಬಸ್ಸಿಗೆ ಹೋಗಲಿ." ಹಿರಿಯರು ನಕ್ಕರು, ಆದರೆ ಒಪ್ಪಿದರು. ಮನೆಗೆ ನೂರು ರೂಪಾಯಿ ಠರಾವಾಯಿತು.

ಇಲ್ಲಿ ನನ್ನ ತಪ್ಪನ್ನು ನಾನೇ ಹೇಳಬೇಕು. ಮೊದಲ ವರ್ಷ ಹೋಗುವುದು ಬಹಳ ಚಂದ ಆಯಿತು. ತಿರುಗಿ ಬರುವ ದಿನ ನಸುಕಿನಲ್ಲೇ ಡೇರೆ ಬಿಚ್ಚಿದೆವು. ಗುಡ್ಡದ ಮೇಲೆ ಆ ಹೊತ್ತಿಗೆ ಇಬ್ಬನಿ ಹನಿಯುತ್ತಿರುತ್ತದೆ. ತಾಡಪತ್ರಿಯ ಮೇಲೆ ಅಂಗೈಯಷ್ಟು ನೀರು, ಒಳಗೆ ಹೋಳಿಗೆಯ ಚೂರು, ಎಣ್ಣೆಯ ಕಲೆ. ಎಲ್ಲರಿಗೂ ಮನೆ ಮುಟ್ಟುವ ಅವಸರ. ನಾನೇ ನಿಂತು, "ಹಂಗೇ ಮಡಚ್ರಿ, ಊರಾಗ ಒಣಗಿಸಿದ್ರಾತು" ಅಂದೆ. ಊರಿಗೆ ಬಂದ ಮೇಲೆ ಕಡಲೆ ಕೀಳುವ ಕೆಲಸ ಬಂತು, ಯಾರೂ ಬಿಚ್ಚಲಿಲ್ಲ. ಎಲ್ಲರ ಸಾಮಾನು ಅಂದರೆ ಯಾರ ಸಾಮಾನೂ ಅಲ್ಲ. ಮುಂಗಾರಿಗೆ ಗೊಬ್ಬರ ಬಂದು, ಯೂರಿಯಾ ಚೀಲವನ್ನು ಅದರ ಪಕ್ಕಕ್ಕೇ ಹಚ್ಚಿದೆವು. ಮರುವರ್ಷ ಬಿಚ್ಚಿ ನೋಡಿದರೆ ಬಟ್ಟೆಯ ಡೇರೆಗಳು ಬೂಸ್ಟು ಹಿಡಿದು ಕೈಯಲ್ಲೇ ಹರಿದವು. ತಾಡಪತ್ರಿಯ ಮಡಿಕೆಯಲ್ಲಿ ಇಲಿ ಮರಿ ಹಾಕಿತ್ತು. ಕಬ್ಬಿಣದ ಗೂಟ ತುಕ್ಕು ತಿಂದಿದ್ದವು. ಹನ್ನೊಂದು ಮನೆಯ ಡೇರೆ ಹಾಳಾದವು. ಸಭೆಯಲ್ಲಿ ನನ್ನನ್ನು ಬೈದವರು ಇಲ್ಲೇ ಕೂತಿದ್ದಾರೆ. ಅವರು ಬೈದದ್ದು ಸರಿ ಇತ್ತು. ಆ ವರ್ಷದ ಉಳ್ಳಾಗಡ್ಡಿ ಮಾರಿದ ರೊಕ್ಕದಲ್ಲಿ ಅರ್ಧ ನಷ್ಟ ನಾನು ತುಂಬಿದೆ, ಉಳಿದರ್ಧ ಆಡಳಿತ ಮಂಡಳಿಯವರು ಹಂಚಿಕೊಂಡರು.

ಆಗ ತಿಳಿಯಿತು, ಜಾತ್ರೆಗೆ ಹೋಗುವ ದಿನದ ಕೆಲಸಕ್ಕಿಂತ ಬಂದ ಮರುದಿನದ ಕೆಲಸ ದೊಡ್ಡದು. ಅಂದಿನಿಂದ ನಡೆದು ಬಂದ ಪದ್ಧತಿಯನ್ನು ಬೇರೆ ಊರಿನವರೂ ಕೇಳುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ಬಂದ ಮರುದಿನ ಎಲ್ಲ ಡೇರೆ ಸಂಘದ ಮುಂದಿನ ಬಯಲಲ್ಲಿ ಬಿಚ್ಚಿ ಒಣಗಬೇಕು. ಮನೆಗೊಬ್ಬರು ಬರಲೇಬೇಕು. ಎಣ್ಣೆಯ ಕಲೆಯನ್ನು ಸೀಗೇಕಾಯಿ ಪುಡಿ ಹಾಕಿ ತೊಳೆಯುವುದು, ಎರಡೂ ಮೈ ಬಿಸಿಲು ಕಾಣಿಸುವುದು. ಒಣಗಿದ್ದನ್ನು ಇಬ್ಬರು ಮುಟ್ಟಿ ನೋಡಿ ವಹಿಯಲ್ಲಿ ಸಹಿ ಹಾಕಿದ ಮೇಲೆಯೇ ಮಡಚುವುದು. ಎರಡನೆಯದು, ಪ್ರತಿಯೊಂದು ಕಟ್ಟಿಗೂ ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಗಳ ಎಷ್ಟು, ಗೂಟ ಎಷ್ಟು ಅನ್ನುವುದು ವಹಿಯಲ್ಲಿ. ಮೂರನೆಯದು, ನೆಲದಿಂದ ಒಂದು ಮೊಳ ಎತ್ತರಕ್ಕೆ ಹಲಗೆ, ಗೋಡೆಯಿಂದ ಒಂದು ಗೇಣು ದೂರ. ನಡುವೆ ಒಣ ಬೇವಿನ ಎಲೆ. ಪ್ರತಿ ಅಮವಾಸ್ಯೆಗೆ ಸರದಿಯವರು ಬಾಗಿಲು ತೆಗೆದು ಇಲಿ, ಒರಲೆ ನೋಡಬೇಕು. ನಾಲ್ಕನೆಯದು, ಟ್ರೇಲರ್‌ಗೆ ಬರೀ ಸಾಮಾನು. ಅದರಲ್ಲಿ ಮಂದಿ ಹೇರುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ವಿರುದ್ಧ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ನಮ್ಮ ಹೆಣ್ಣುಮಕ್ಕಳು ಸರಕಾರಿ ಬಸ್ಸಿನಲ್ಲಿ ಟಿಕೀಟಿನ ರೊಕ್ಕ ಇಲ್ಲದೆ ಹೋಗಿ ಬಂದಿದ್ದಾರೆ.

ಐದನೆಯದು ಚೀಟಿ ಎತ್ತುವುದು. ಮೊದಲು ದೊಡ್ಡ ಮನೆಗಳ ಸಾಮಾನು ಮೊದಲು ಇಳಿಯುತ್ತಿತ್ತು. ಅವರಿಗೆ ನೀರಿನ ಹತ್ತಿರದ ಜಾಗ. ಕೆಳಗಿನ ಓಣಿಯವರು ಕೊನೆಗೆ ಇಳಿಸಿಕೊಂಡು ಕಲ್ಲಿನ ಇಳಿಜಾರಿನಲ್ಲಿ ಗೂಟ ಹೊಡೆಯಬೇಕು. ಇದು ಸರಿಯಲ್ಲ ಅಂತ ಆ ಓಣಿಯ ಒಬ್ಬ ತಮ್ಮ ಸಭೆಯಲ್ಲಿ ಕೇಳಿದ: "ರೊಕ್ಕ ಸಮ, ಸಹಿ ಸಮ, ಜಾಗ ಯಾಕ ಸಮ ಇಲ್ರಿ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಂದಿನಿಂದ ಬಿಲ್ಲೆಯ ನಂಬರಿನ ಚೀಟಿಯನ್ನು ಸಣ್ಣ ಹುಡುಗಿಯ ಕೈಯಿಂದ ಎತ್ತಿಸುತ್ತೇವೆ. ಒಂದು ವರ್ಷ ಕಲ್ಲಿನ ಜಾಗ ನನಗೇ ಬಂತು. ಬೆನ್ನು ನೋವಾಯಿತು, ಬುದ್ಧಿಯೂ ಬಂತು.

ಇನ್ನು 2019ರ ಆಗಸ್ಟ್ ತಿಂಗಳ ಮಾತು. ಮಲಪ್ರಭೆ ಉಕ್ಕಿ ಬಂದದ್ದು ಈ ದಂಡೆಯಲ್ಲಿ ಯಾರಿಗೆ ಮರೆತಿದೆ? ನವಿಲುತೀರ್ಥದ ಡ್ಯಾಮ್ ತುಂಬಿ ನೀರು ಬಿಟ್ಟರು. ಕತ್ತಲಾಗುವುದರೊಳಗೆ ಕೆಳಗಿನ ಓಣಿಯ ಮಣ್ಣಿನ ಗೋಡೆಗಳು ಒಂದೊಂದಾಗಿ ಕುಸಿದವು. ಮಂದಿ ಮಕ್ಕಳು, ದನ ಕರು ಹಿಡಿದುಕೊಂಡು ದಿನ್ನೆಗೆ ಹತ್ತಿದರು. ಮೇಲೆ ಮಳೆ ನಿಂತಿರಲಿಲ್ಲ. ಸಾಲಿ ಕೋಣೆ ತುಂಬಿದವು, ಗುಡಿ ತುಂಬಿತು. ಆಗ ಗೋದಾಮಿನ ಕೀಲಿ ನನ್ನ ಹತ್ತಿರ ಇತ್ತು.

ನಿಜ ಹೇಳುತ್ತೇನೆ, ನಾನು ಒಂದು ಗಳಿಗೆ ಅನುಮಾನಿಸಿದೆ. ಡೇರೆ ಸಂಘದವಲ್ಲ, ಮನೆಮನೆಯವರವು. ಕೇಳದೆ ಕೊಟ್ಟರೆ ನಾಳೆ ಯಾರಿಗೆ ಉತ್ತರ ಕೊಡಲಿ? ನನ್ನ ಹಿಂದೆ ನಿಂತಿದ್ದ ಒಬ್ಬ ಆಯಿ, ಅವರದೂ ಒಂದು ಡೇರೆ ಒಳಗಿತ್ತು, ಅಂದರು: "ಎಲ್ಲವ್ವನ ಹೆಸರಿಲೆ ತಂದ ಡೇರೆ ಐತೋ ತಮ್ಮಾ. ಮಳ್ಯಾಗ ನಿಂತ ಕೂಸಿನ ತಲಿಮ್ಯಾಲೆ ಹಾಕಿದ್ರ ಅಕಿಗೇ ಮುಟ್ಟತೈತಿ. ಕೀಲಿ ತೆಗಿ." ತೆಗೆದೆ. ಗಳ ಎಣಿಸಿ ಇಟ್ಟಿದ್ದವು, ಹಗ್ಗ ಒಣಗಿದ್ದವು, ಬಿಲ್ಲೆ ಇದ್ದವು. ಕತ್ತಲಲ್ಲಿ ಹುಡುಕುವ ಕೆಲಸ ಇರಲಿಲ್ಲ. ನಡುರಾತ್ರಿಯೊಳಗೆ ಮೂವತ್ತೆಂಟು ಡೇರೆ ದಿನ್ನೆಯ ಮೇಲೆ ನಿಂತವು. ಜಾತ್ರೆಯಲ್ಲಿ ಡೇರೆ ಹೊಡೆದ ಕೈಗಳು ತಾವೇ ಕೆಲಸ ಮಾಡಿದವು. ನನ್ನ ತಪ್ಪಿನ ವರ್ಷದಂತೆ ಹಸಿಯಾಗಿ ಮಡಚಿ ಇಟ್ಟಿದ್ದರೆ ಆ ರಾತ್ರಿ ಏನು ಹೊದಿಸುತ್ತಿದ್ದೆವು?

ನೀರು ಇಳಿದ ಮೇಲೆ ತಕರಾರು ಬಾರದೆ ಇರಲಿಲ್ಲ. ಹದಿನಾಲ್ಕು ತಾಡಪತ್ರಿ ಹರಿದಿದ್ದವು. "ನಮ್ಮ ದೇವರ ಡೇರೆ ಹಿಂಗಾತಲ್ಲ" ಅಂದವರೂ ಇದ್ದರು. ಆಗ ಕೆಳಗಿನ ಓಣಿಯವರು, ತಮ್ಮ ಮನೆ ಇನ್ನೂ ಬಿದ್ದೇ ಇರುವಾಗ, ದಬ್ಬಣ ಸುತಳಿ ಹಿಡಿದು ಬಂದು ಗೋದಾಮಿನ ಕಟ್ಟೆಯ ಮೇಲೆ ಕೂತು ಹೊಲಿದರು. ಎಂಟು ರಿಪೇರಿಯಾದವು. ಆರು ಹೊಸದನ್ನು ಸಂಘ ಕೊಡಿಸಿತು. ಮಾತು ಅಲ್ಲಿಗೆ ನಿಂತಿತು.

ಈಗ ಮಹಾಸಭೆಯ ಮುಂದೆ ಎರಡು ವಿಷಯ ಬಂದಿವೆ. ಒಂದು, ಡೇರೆಗಳನ್ನು ಲಗ್ನ ಮುಂಜಿವಿಗೆ ಬಾಡಿಗೆ ಕೊಡೋಣ, ಸಂಘಕ್ಕೆ ಆದಾಯ ಬರುತ್ತದೆ ಅನ್ನುವುದು. ಬೇಸಿಗೆಯಲ್ಲಿ ಬೇಕಾದರೆ ಕೊಡಿರಿ, ನನ್ನ ವಿರೋಧ ಇಲ್ಲ. ಆದರೆ ಮಿರಗ ಮಳೆ ಕೂಡಿದ ದಿನದಿಂದ ದಸರೆಯ ತನಕ ಒಂದು ಗೂಟವೂ ಗೋದಾಮು ಬಿಟ್ಟು ಹೋಗಬಾರದು. ಆ ನಾಲ್ಕು ತಿಂಗಳು ಅವು ಜಾತ್ರೆಯ ಡೇರೆ ಅಲ್ಲ, ಊರಿನ ಡೇರೆ.

ಎರಡು, ಜಾಗದ ಮಾತು. ಅದೇ ಮುಂಗಾರಿಗೆ ಗೊಬ್ಬರವೂ ಬರುತ್ತದೆ. ಯೂರಿಯಾ ಹಸಿ ಹೀರಿಕೊಳ್ಳುವ ವಸ್ತು, ಕಬ್ಬಿಣ ತಿನ್ನುವ ವಸ್ತು. ಅದರ ಜೊತೆ ಡೇರೆ ಇಡುವುದು ಇನ್ನು ಸಾಕು. ಗೋದಾಮಿನ ಮೇಲ್ಗಡೆ, ಪ್ರವಾಹದ ನೀರು ಮುಟ್ಟದ ಜಾಗದಲ್ಲಿ, ಹನ್ನೆರಡು ಹದಿನಾರು ಅಡಿಯ ಒಂದು ಕೋಣೆ ಬೇಕು. ಸಂಘ ತಗಡು, ಸಿಮೆಂಟ್ ಕೊಟ್ಟರೆ ಕಲ್ಲು, ಉಸುಕು, ಆಳು ನಾವು ಕೊಡೋಣ. ಮನೆಗೆ ಒಂದು ದಿನದ ದುಡಿಮೆ. ಮೊದಲ ಟ್ರೇಲರ್ ಕಲ್ಲು ನನ್ನ ಹೊಲದಿಂದ ಬರುತ್ತದೆ.

ನಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ವಿಶ್ವಸಂಸ್ಥೆಯವರು 2025ನ್ನು ಅಂತರರಾಷ್ಟ್ರೀಯ ಸಹಕಾರ ವರ್ಷ ಅಂತ ಸಾರಿದರು. ಅವು ದೊಡ್ಡ ಮಾತು, ದೊಡ್ಡವರ ಮಾತು. ನನ್ನಂಥ ಒಕ್ಕಲಿಗನಿಗೆ ತಿಳಿದ ಸಹಕಾರ ಇಷ್ಟೇ: ಜಾತ್ರೆಯಿಂದ ಬಂದ ಮರುದಿನ ಮೈ ನೋಯುತ್ತಿದ್ದರೂ ಎದ್ದು ಬಂದು, ನಿಮ್ಮ ಡೇರೆ ನಾನು ಮುಟ್ಟಿ ನೋಡಿ, ನನ್ನ ಡೇರೆ ನೀವು ಮುಟ್ಟಿ ನೋಡಿ, ಒಣಗಿದೆ ಅಂತ ಸಹಿ ಹಾಕುವುದು.

ಈ ಸಲದ ಭಾರತ ಹುಣ್ಣಿಮೆ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಎಂಟಕ್ಕೆ ಸಂಘದ ಬಯಲಿನಲ್ಲಿ ಎಲ್ಲರೂ ಸೇರಬೇಕೆಂದು ವಿನಂತಿಸಿ, ತಪ್ಪು ಮಾತಾಡಿದ್ದರೆ ಮಗನೆಂದು ಕ್ಷಮಿಸಬೇಕೆಂದು ಕೇಳಿ, ನನ್ನ ಎರಡು ಮಾತು ಮುಗಿಸುತ್ತೇನೆ.