ಉಗ್ರಾಣದ ಬೀಗದ ಕೈ ಯಾರ ಹತ್ತಿರ? ವಿಶ್ವವಿದ್ಯಾಲಯದ ಐಟಿ ಮತ್ತು ಹೊರಗುತ್ತಿಗೆಯ ಲೆಕ್ಕ



ಈ ಸಭೆಯಲ್ಲಿ ಐಟಿಯವರೇ ಹೆಚ್ಚು. ಹೊರಗುತ್ತಿಗೆ ಹಿಡಿಯುವ ಕಂಪನಿಗಳವರೂ ಇದ್ದೀರಿ, ಇಲ್ಲಿನ ವಿಶ್ವವಿದ್ಯಾಲಯಗಳ ಐಟಿ ವಿಭಾಗದವರೂ ಇದ್ದೀರಿ. ನಾನು ಏನು ಹೇಳಿದರೂ ಒಂದು ಸಾಲಿನವರಿಗಾದರೂ ಬೇಸರ ಖಂಡಿತ. ಇರಲಿ, ಲೆಕ್ಕಪರಿಶೋಧಕರಿಗೆ ಅದು ಅಭ್ಯಾಸವೇ.

ಇಂಗ್ಲೆಂಡಿನಲ್ಲಿ ಪದವಿ ವಿದ್ಯಾರ್ಥಿಯ ವಾರ್ಷಿಕ ಶುಲ್ಕದ ಮಿತಿ 2017ರಿಂದ 9,250 ಪೌಂಡಿನಲ್ಲೇ ನಿಂತಿತ್ತು. 2025ರಲ್ಲಷ್ಟೇ 9,535 ಆಯಿತು. ನಡುವೆ ಬೆಲೆಗಳು ಎಷ್ಟು ಏರಿದವು ಎಂಬುದು ನಿಮ್ಮ ಕಿಸೆಗೇ ಗೊತ್ತು. ಹಣ ಸಾಲದಾದಾಗ ಆಡಳಿತ ಮಂಡಳಿಯ ಕಣ್ಣು ಬೀಳುವುದು ಪಾಠ ಮಾಡದ ವಿಭಾಗಗಳ ಮೇಲೆ. "ಐಟಿಯನ್ನು ಹೊರಗೆ ಕೊಟ್ಟುಬಿಡೋಣ" ಎಂಬ ಮಾತು ಹುಟ್ಟುವುದು ಅಲ್ಲಿ.

ಮೊದಲು ತೆರಿಗೆ ನೋಡೋಣ. ವಿಶ್ವವಿದ್ಯಾಲಯದ ಶಿಕ್ಷಣಕ್ಕೆ ಇಲ್ಲಿ ವ್ಯಾಟ್ ವಿನಾಯಿತಿ ಇದೆ. ಕೇಳಲು ಲಾಭದಂತೆ ಕಾಣುತ್ತದೆ. ಆದರೆ ವಿನಾಯಿತಿ ಇರುವವರು ತಾವು ಕೊಂಡದ್ದರ ಮೇಲೆ ಕಟ್ಟಿದ ವ್ಯಾಟನ್ನು ಬಹುಪಾಲು ವಾಪಸ್ ಪಡೆಯಲಾರರು. ಊರಿನಲ್ಲಿ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಒಂದು ಉದಾಹರಣೆ. ಸ್ವಂತ ಸಿಬ್ಬಂದಿಯ ಖರ್ಚು ವರ್ಷಕ್ಕೆ 10 ಲಕ್ಷ ಪೌಂಡ್ ಎನ್ನಿ. ಅದೇ ಕೆಲಸಕ್ಕೆ ಕಂಪನಿ 9 ಲಕ್ಷ ಕೇಳಿತು. ಒಂದು ಲಕ್ಷ ಉಳಿತಾಯ! ಸಂಬಳದ ಮೇಲೆ ವ್ಯಾಟ್ ಇಲ್ಲ. ಬಿಲ್ಲಿನ ಮೇಲೆ ಶೇಕಡಾ 20 ಇದೆ. 9 ಲಕ್ಷ 10 ಲಕ್ಷ 80 ಸಾವಿರವಾಯಿತು. ಇನ್ನು ಆ ಗುತ್ತಿಗೆಯನ್ನು ನೋಡಿಕೊಳ್ಳಲು ಇಬ್ಬರಾದರೂ ಬೇಕು. ಉಳಿತಾಯ ಎಲ್ಲಿ? ಎನ್‌ಎಚ್‌ಎಸ್‌ಗೆ ಇಂಥ ಹಲವು ಹೊರಗುತ್ತಿಗೆ ಸೇವೆಗಳ ವ್ಯಾಟ್ ವಾಪಸ್ ಸಿಗುತ್ತದೆ. ವಿಶ್ವವಿದ್ಯಾಲಯಗಳಿಗೆ ಆ ಸೌಲಭ್ಯ ಇಲ್ಲ.

ಹಾಗೆಂದು ಮನೆಯೊಳಗಿನದ್ದೆಲ್ಲ ಅಗ್ಗವೂ ಅಲ್ಲ. ಆ 10 ಲಕ್ಷವನ್ನು ಪ್ರಾಮಾಣಿಕವಾಗಿ ಕೂಡಬೇಕು. ಮಾಲೀಕರ ನ್ಯಾಷನಲ್ ಇನ್ಶೂರೆನ್ಸ್ 2025ರ ಏಪ್ರಿಲ್‌ನಿಂದ ಶೇಕಡಾ 15, ಜೊತೆಗೆ ಪಿಂಚಣಿ, ತರಬೇತಿ, ರಜೆ. ರಾತ್ರಿ ಎರಡು ಗಂಟೆಗೆ ಸೈಬರ್ ದಾಳಿಯಾದರೆ ಎದ್ದು ನೋಡುವವರು ಯಾರು? ಐದಾರು ಜನರ ತಂಡದಿಂದ ಹಗಲೂ ರಾತ್ರಿ ಕಾವಲು ಸಾಧ್ಯವಿಲ್ಲ. ಅದನ್ನು ಕೊಳ್ಳುವುದೇ ಜಾಣತನ.

ಇನ್ನೊಂದು ಮಾತು: ಹೊರಬರುವ ದಾರಿ. ಎಷ್ಟೋ ವಿಶ್ವವಿದ್ಯಾಲಯಗಳು ತಮ್ಮ ಮೇಲ್ ಸರ್ವರ್ ಮುಚ್ಚಿ ಗೂಗಲ್‌ಗೆ, ಮೈಕ್ರೋಸಾಫ್ಟ್‌ಗೆ ಹೋದವು. ಗೂಗಲ್‌ನಲ್ಲಿ ಸಂಗ್ರಹಕ್ಕೆ ಮಿತಿಯೇ ಇರಲಿಲ್ಲ. 2021ರಲ್ಲಿ ಆ ಕಂಪನಿ ನಿಯಮ ಬದಲಿಸಿತು: ಇಡೀ ಸಂಸ್ಥೆಗೆ ಸೇರಿ 100 ಟೆರಾಬೈಟ್ ಮೂಲ ಮಿತಿ, ಹಳೆಯ ಗ್ರಾಹಕರಿಗೆ 2022ರ ಜುಲೈನಿಂದ. 2023ರಲ್ಲಿ ಮೈಕ್ರೋಸಾಫ್ಟ್ ಕೂಡ 100 ಟೆರಾಬೈಟಿನ ಮಿತಿ ಘೋಷಿಸಿತು. ಕಂಪನಿಗಳು ಮಾಡಿದ್ದು ತಪ್ಪಲ್ಲ, ಅದು ವ್ಯಾಪಾರ. ಆದರೆ ವರ್ಷಗಳ ಸಂಶೋಧನಾ ದತ್ತಾಂಶ ಎಲ್ಲೆಲ್ಲಿದೆ, ಯಾವುದನ್ನು ಅಳಿಸಬಹುದು ಎಂದು ಹೇಳಬಲ್ಲ ಹಳಬರನ್ನು ಮನೆಗೆ ಕಳಿಸಿದ ಸಂಸ್ಥೆಗೆ ಚೌಕಾಸಿ ಮಾಡುವ ಶಕ್ತಿ ಎಲ್ಲಿಂದ ಬರಬೇಕು?

ನೌಕರರ ಮಾತನ್ನೂ ಹೇಳಬೇಕು. ಕೆಲಸ ಹೊರಗೆ ಹೋದಾಗ ಟುಪೆ ನಿಯಮಗಳ ಪ್ರಕಾರ ನೌಕರರೂ ಸಾಮಾನ್ಯವಾಗಿ ಅದೇ ಷರತ್ತುಗಳ ಮೇಲೆ ಹೊಸ ಕಂಪನಿಗೆ ಹೋಗುತ್ತಾರೆ. ಆದರೆ ಪಿಂಚಣಿಗೆ ಅಷ್ಟೇ ರಕ್ಷಣೆ ಇಲ್ಲ. ಉಳಿತಾಯ ಎಂದು ತೋರಿಸುವ ಹಣದಲ್ಲಿ ಒಂದು ಪಾಲು ಯಾರದೋ ಮುಪ್ಪಿನ ಹಣವಾಗಿರಬಹುದು. ಲೆಕ್ಕದ ಪುಸ್ತಕದಲ್ಲಿ ಆ ಸಾಲು ಕಾಣುವುದಿಲ್ಲ.

ಇವೆರಡರ ನಡುವೆ ಮೂರನೆಯ ದಾರಿಯೂ ಉಂಟು. 1984ರಲ್ಲಿ ಶುರುವಾದ ಜಾನೆಟ್ ಜಾಲವನ್ನು ಈ ದೇಶದ ವಿಶ್ವವಿದ್ಯಾಲಯಗಳು ಇಂದಿಗೂ ಹಂಚಿಕೊಂಡು ಬಳಸುತ್ತವೆ. ಈಗ ಅದನ್ನು ನಡೆಸುವುದು ಜಿಸ್ಕ್. ಹಲವು ಸಂಸ್ಥೆಗಳು ಸೇರಿ ಗುಂಪು ಕಟ್ಟಿ, ಲಾಭವಿಲ್ಲದೆ ಖರ್ಚಿಗಷ್ಟೇ ಸೇವೆ ಹಂಚಿಕೊಂಡರೆ ವ್ಯಾಟ್ ವಿನಾಯಿತಿ ಸಿಗುವ ಅವಕಾಶ 2012ರಿಂದ ಕಾನೂನಿನಲ್ಲಿದೆ. ಷರತ್ತುಗಳು ಬಿಗಿ, ಆದರೆ ಬಾಗಿಲು ತೆರೆದಿದೆ.

ನಮ್ಮ ಮದುವೆಗಳನ್ನು ನೆನಪಿಸಿಕೊಳ್ಳಿ. ಅಡುಗೆ ಕಂಟ್ರಾಕ್ಟಿಗೆ ಕೊಟ್ಟಿರುತ್ತೇವೆ. ಆದರೆ ಉಗ್ರಾಣದ ಬೀಗದ ಕೈ ಮಾತ್ರ ಮನೆಯ ಹಿರಿಯರೊಬ್ಬರ ಸೊಂಟದಲ್ಲೇ ಇರುತ್ತದೆ. ತುಪ್ಪ ಎಷ್ಟು ಬಂತು, ಎಷ್ಟು ಹೋಯಿತು ಎಂದು ಅವರಿಗೆ ಗೊತ್ತು. ವಿಶ್ವವಿದ್ಯಾಲಯವೂ ಅಷ್ಟೇ. ಎಲ್ಲರಿಗೂ ಒಂದೇ ಆಗಿರುವ ಇಮೇಲ್, ರಾತ್ರಿ ಕಾವಲು ಕೊಳ್ಳಲಿ. ವಿದ್ಯಾರ್ಥಿಗಳ ದಾಖಲೆ, ಸಂಶೋಧನೆಯ ದತ್ತಾಂಶ, ಬಿಲ್ಲನ್ನು ಓದಿ ಪ್ರಶ್ನಿಸಬಲ್ಲ ಜನ, ಇವು ಒಳಗೇ ಇರಲಿ.

ನಿಮ್ಮಲ್ಲಿ ಯಾರಾದರೂ ಇಂಥ ನಿರ್ಧಾರದ ಸಭೆಯಲ್ಲಿ ಕುಳಿತರೆ ಮೂರೇ ಪ್ರಶ್ನೆ ಕೇಳಿ: ವ್ಯಾಟ್ ಸೇರಿ ಎಷ್ಟು? ಬಿಟ್ಟು ಬರಲು ಎಷ್ಟು? ಬೀಗದ ಕೈ ಯಾರ ಹತ್ತಿರ?