ಅಂಗದಾನದ ಕಾಯಿದೆಯೂ ಕೂಡದ ಶಾಸನಸಭೆಯೂ
(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಸತ್ತವನ ಹೃದಯವನ್ನೋ ಮೂತ್ರಪಿಂಡವನ್ನೋ ಇನ್ನೊಬ್ಬನಿಗೆ ಜೋಡಿಸಿ ಅವನನ್ನು ಬದುಕಿಸುವ ವಿದ್ಯೆ ಇಂದು ವೈದ್ಯರ ಕೈಯಲ್ಲಿದೆ. ಆದರೆ ಒಪ್ಪಿಗೆ ಕೊಡುವವರು ಯಾರು? ಇದನ್ನು ಗೊತ್ತುಮಾಡುವುದು ಕಾಯಿದೆಯ ಕೆಲಸ. ಕಾಯಿದೆ ಮಾಡಬೇಕಾದವರೇ ಜಗಳವಾಡಿ ಸಭೆಯನ್ನು ನಿಲ್ಲಿಸಿದರೆ ಏನಾಗುತ್ತದೆಂಬುದಕ್ಕೆ, ಬ್ರಿಟನ್ನಿನ ಆಡಳಿತಕ್ಕೆ ಸೇರಿದ ಉತ್ತರ ಐರ್ಲೆಂಡಿನ ಸಂಗತಿಯನ್ನು ತಮ್ಮ ಮುಂದಿಡುತ್ತೇವೆ.

ಒಪ್ಪಿಗೆಯಲ್ಲಿ ಎರಡು ಪದ್ಧತಿಗಳುಂಟು. ದಾನಿಯೋ ಅವನ ಮನೆಯವರೋ ಬಾಯಿಬಿಟ್ಟು ಒಪ್ಪಿದರೆ ಮಾತ್ರ ಅಂಗ ತೆಗೆಯುವುದು ಒಂದು. ‘ಬೇಡ’ ಎಂದು ಹೇಳಿಡದ ವಯಸ್ಕರೆಲ್ಲ ಒಪ್ಪಿದವರೆಂದೇ ಭಾವಿಸುವುದು ಇನ್ನೊಂದು. ಈ ಎರಡನೆಯದನ್ನು ವೇಲ್ಸ್ 2015ರಲ್ಲಿ, ಇಂಗ್ಲೆಂಡ್ 2020ರಲ್ಲಿ, ಸ್ಕಾಟ್ಲೆಂಡ್ 2021ರಲ್ಲಿ ಜಾರಿಗೆ ತಂದವು. ಉಳಿದದ್ದು ಉತ್ತರ ಐರ್ಲೆಂಡ್ ಒಂದೇ.

ಅಲ್ಲಿ ಡಾಹಿ ಎಂಬ ಬಾಲಕನು ಹೃದಯದ ಎಡಭಾಗ ಸರಿಯಾಗಿ ಬೆಳೆಯದೆ ಹುಟ್ಟಿದನು. 2018ರಿಂದ ಅವನ ಹೆಸರು ಬದಲಿ ಹೃದಯಕ್ಕಾಗಿ ಕಾಯುವವರ ಪಟ್ಟಿಯಲ್ಲಿತ್ತು. ಕಾಯುವವರೆಲ್ಲರ ಪರವಾಗಿ ಅವನ ತಂದೆತಾಯಿ ವರ್ಷಗಟ್ಟಲೆ ಹೋರಾಡಿದರು. 2022ರ ಫೆಬ್ರವರಿಯಲ್ಲಿ ಮಸೂದೆ ಪಾಸಾಯಿತು. ಜನರು ಅದನ್ನು ಡಾಹಿಯ ಕಾಯಿದೆಯೆಂದೇ ಕರೆದರು.

ಆದರೆ ಯಾವ ಯಾವ ಅಂಗಗಳಿಗೆ ಕಾಯಿದೆ ಅನ್ವಯಿಸುತ್ತದೆಂಬ ನಿಯಮಗಳಿಗೆ ಸಭೆ ಮತ್ತೊಮ್ಮೆ ಮಂಜೂರಾತಿ ಕೊಡಬೇಕಾಗಿತ್ತು. ಅಷ್ಟರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಟ್ಟ ಮೇಲಿನ ವ್ಯಾಪಾರದ ಕಟ್ಟಳೆಗಳ ವಿಷಯದಲ್ಲಿ ತಂಟೆ ಎದ್ದಿತ್ತು. ಮೇ ತಿಂಗಳಲ್ಲಿ ಚುನಾವಣೆಯಾದರೂ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷವು ಸಭಾಪತಿಯ ಆಯ್ಕೆಗೆ ಒಪ್ಪಲಿಲ್ಲ. ಸಭಾಪತಿಯಿಲ್ಲದೆ ಸಭೆಯಿಲ್ಲ, ಸಭೆಯಿಲ್ಲದೆ ನಿಯಮವಿಲ್ಲ. ಅಂಗದಾನಕ್ಕೆ ಆ ಪಕ್ಷದ ವಿರೋಧವೇನೂ ಇರಲಿಲ್ಲ! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ನಮ್ಮ ಗಾದೆ ಅಲ್ಲಿ ಅಕ್ಷರಶಃ ನಿಜವಾಯಿತು.

2023ರ ಫೆಬ್ರವರಿ 14ರಂದು ಈ ಕೆಲಸಕ್ಕಾಗಿಯೇ ಸಭೆ ಕರೆದರು; ಅಂದೂ ಸಭಾಪತಿಯ ಆಯ್ಕೆಯಾಗಲಿಲ್ಲ. ಕೊನೆಗೆ ಲಂಡನ್ನಿನ ಪಾರ್ಲಿಮೆಂಟು ತನ್ನ ಮುಂದಿದ್ದ ಬೇರೊಂದು ಮಸೂದೆಗೆ ತಿದ್ದುಪಡಿ ಸೇರಿಸಿ ದಾರಿ ಮಾಡಿಕೊಟ್ಟಿತು. 2023ರ ಜೂನ್ 1ರಂದು ಕಾಯಿದೆ ಜಾರಿಗೆ ಬಂದಿತು. ಶಾಸನಸಭೆ ಮತ್ತೆ ಕೂಡಿದ್ದು 2024ರ ಫೆಬ್ರವರಿಯಲ್ಲಿ. ರಾಜಕಾರಣಕ್ಕೆ ತಿಂಗಳುಗಳ ಲೆಕ್ಕ; ಹಾಸಿಗೆ ಹಿಡಿದ ರೋಗಿಗೆ ದಿನಗಳ ಲೆಕ್ಕ.

ಇದರಿಂದ ನಾವು ಕಲಿಯುವುದೇನು? ಅಲ್ಲಿ ಸಹ ವೈದ್ಯರು ಮನೆಯವರನ್ನು ಕೇಳದೆ ಮುಂದುವರಿಯುವುದಿಲ್ಲ. ಅಂದಮೇಲೆ ಕಾಯಿದೆ ಅರ್ಧ, ಮನೆಯ ಮಾತು ಅರ್ಧ. ನಮ್ಮ ದೇಶದ 1994ರ ಕಾಯಿದೆ ಮೊದಲನೆಯ ಪದ್ಧತಿಯದು. ಮಿದುಳು ಸತ್ತಿದೆಯೆಂದು ವೈದ್ಯರು ದೃಢಪಡಿಸಿದ ಮೇಲೆ ಹತ್ತಿರದ ಬಂಧುಗಳನ್ನು ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಮಂದಿ ಇಲ್ಲಿ ಖೋಲಿಯಲ್ಲಿದ್ದೇವೆ, ಹೆಂಡತಿ ಮಕ್ಕಳು ಊರಲ್ಲಿದ್ದಾರೆ. ನಮ್ಮ ಮನಸ್ಸಿನಲ್ಲಿದ್ದುದು ಅವರಿಗೆ ಗೊತ್ತಿಲ್ಲದಿದ್ದರೆ, ಆ ದುಃಖದ ಗಳಿಗೆಯಲ್ಲಿ ಅವರು ಏನೆಂದು ಹೇಳಿಯಾರು?

ಡಾ. ರಾಜಕುಮಾರರ ಕಣ್ಣುಗಳು 2006ರಲ್ಲಿ, ಅವರ ಮಗ ಪುನೀತರ ಕಣ್ಣುಗಳು 2021ರಲ್ಲಿ ದಾನವಾದುದನ್ನು ತಾವೆಲ್ಲ ಬಲ್ಲಿರಿ. ಕಣ್ಣುಗಳನ್ನು ಸತ್ತ ಕೆಲವೇ ತಾಸುಗಳೊಳಗೆ ತೆಗೆಯಬೇಕು. ಮನೆಯವರು ತಡಮಾಡದೆ ಒಪ್ಪಿದರೇ ಅದು ಆಗುವ ಕೆಲಸ.

ಕೊಡಿರೆಂದು ನಾವು ಯಾರನ್ನೂ ಬಲವಂತ ಮಾಡುವುದಿಲ್ಲ. ಅದು ಅವರವರ ಮನಸ್ಸು. ಆದರೆ ಕೊಡುವುದಾಗಲಿ, ಕೊಡದಿರುವುದಾಗಲಿ, ಈ ಸಲ ಊರಿಗೆ ಹೋದಾಗ ಮನೆಯವರೊಡನೆ ಕುಳಿತು ಆಡಿಬಿಡಿರಿ. ಈ ಮಾತಿಗೆ ಯಾವ ಸಭಾಪತಿಯ ಅಪ್ಪಣೆಯೂ ಬೇಕಿಲ್ಲ.