ಮೇಷ್ಟ್ರ ತಪ್ಪು: ಕೆ.ಎಸ್. ಅಶ್ವಥ್ ಅವರ ಅಭಿನಯ



ಈ ದತ್ತಿ ಉಪನ್ಯಾಸಕ್ಕೆ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದ ಕೂಡಲೇ ನನ್ನ ಬಾಯಿಗೆ ಬಂದ ಹೆಸರು ಕೆ.ಎಸ್. ಅಶ್ವಥ್. ಅವರನ್ನು ನಾವು ತುಂಬ ಪ್ರೀತಿಸಿದ್ದೇವೆ. ಆದರೆ ಆ ಪ್ರೀತಿಯ ಭರದಲ್ಲಿ ಅವರ ಅಭಿನಯವನ್ನು ಕಣ್ಣಿಟ್ಟು ನೋಡಿದ್ದು ಕಡಿಮೆ. ‘ಒಳ್ಳೆಯ ಅಪ್ಪನ ಪಾತ್ರ ಅಂದರೆ ಅಶ್ವಥ್’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಒಳ್ಳೆಯವನೊಬ್ಬ ತಪ್ಪು ಮಾಡುವಾಗ ಹೇಗಿರುತ್ತಾನೆ ಎಂಬುದನ್ನು ಅವರಷ್ಟು ನಿಷ್ಠುರವಾಗಿ ತೋರಿಸಿದ ನಟ ಕನ್ನಡ ಪರದೆಯ ಮೇಲೆ ಇನ್ನೊಬ್ಬರಿಲ್ಲ ಎಂಬುದು ನನ್ನ ನಂಬಿಕೆ. ಇಂದು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಅಶ್ವಥ್ ಹುಟ್ಟಿದ್ದು ಮೈಸೂರಿನಲ್ಲಿ, 1925ರ ಮಾರ್ಚ್ 25ರಂದು. ಪೂರ್ಣ ಹೆಸರು ಕರಗನಹಳ್ಳಿ ಸುಬ್ಬರಾಯ ಅಶ್ವಥನಾರಾಯಣ. 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿದ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಓದು ಅಲ್ಲಿಗೇ ನಿಂತಿತು. ಮುಂದೆ ಫುಡ್ ಇನ್‌ಸ್ಪೆಕ್ಟರ್ ಆಗಿ ಸರ್ಕಾರಿ ನೌಕರಿ ಮಾಡಿದರು. ನೌಕರಿಯ ಜೊತೆಗೇ ನಾಟಕ, ಆಕಾಶವಾಣಿಯ ರೇಡಿಯೋ ನಾಟಕ.

ಈ ಹಿನ್ನೆಲೆ ಮುಖ್ಯವಾದದ್ದು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ವೃತ್ತಿ ಕಂಪನಿಗಳಲ್ಲಿ ಬೆಳೆದವರು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಮಾತು ಮುಟ್ಟಿಸಬೇಕಾಗಿದ್ದ ಕಂಠ ಅವರದು. ಆ ಕಂಠಕ್ಕೆ ಅದರದೇ ವೈಭವವಿತ್ತು. ಅಶ್ವಥ್ ಪಳಗಿದ್ದು ಬೇರೆ ಗರಡಿಯಲ್ಲಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಶುರುಮಾಡಿದ ಮೇಲೆ ಆ ಊರಿನ ನಟರಿಗೆ ಇನ್ನೊಂದು ಬಗೆಯ ಕೇಳುಗ ಸಿಕ್ಕಿದ. ಆತ ಮನೆಯಲ್ಲಿ, ಪೆಟ್ಟಿಗೆಯ ಪಕ್ಕದಲ್ಲೇ ಕುಳಿತಿರುತ್ತಾನೆ. ಅವನಿಗಾಗಿ ಕೂಗಬೇಕಿಲ್ಲ. ವಾಕ್ಯದ ನಡುವೆ ಉಸಿರು ಎಲ್ಲಿ ಸಿಕ್ಕಿಕೊಂಡಿತು, ಯಾವ ಪದವನ್ನು ಅರ್ಧಕ್ಕೆ ನುಂಗಿಕೊಂಡರು ಎಂಬುದೂ ಅವನಿಗೆ ಕೇಳುತ್ತದೆ. ಅಶ್ವಥ್ ಅವರ ಸಂಭಾಷಣೆಯ ಸೊಗಸೆಲ್ಲ ಅಂಥ ಜಾಗಗಳಲ್ಲಿಯೇ ಇದೆ.

ಸಿನಿಮಾಕ್ಕೆ ಅವರು ಬಂದದ್ದು ನಾಯಕರಾಗಿ. 1955ರಲ್ಲಿ ಕೆ. ಸುಬ್ರಹ್ಮಣ್ಯಂ ನಿರ್ದೇಶಿಸಿದ ‘ಸ್ತ್ರೀ ರತ್ನ’ ಅವರ ಮೊದಲ ಚಿತ್ರ. ನಾಯಕನ ಪಟ್ಟ ಹೆಚ್ಚು ದಿನ ಉಳಿಯಲಿಲ್ಲ. ಪೌರಾಣಿಕ ಚಿತ್ರಗಳಲ್ಲಿ ನಾರದರಾದರು, ಸಾಮಾಜಿಕ ಚಿತ್ರಗಳಲ್ಲಿ ಅಣ್ಣನಾದರು, ಬಹುಬೇಗ ಅಪ್ಪನೂ ಆದರು. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ. ಅಂದರೆ ಅಶ್ವಥ್ ರಾಜ್‌ಕುಮಾರ್‌ಗಿಂತ ನಾಲ್ಕೇ ವರ್ಷ ದೊಡ್ಡವರು. ಆದರೂ ಪರದೆಯ ಮೇಲೆ ಇವರು ತಂದೆ, ಅವರು ಮಗ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್‌ಗೆ ನಾಯಕಿಯಾಗಿದ್ದ ಪಂಡರಿಬಾಯಿಯವರೇ ಮುಂದೆ ಅವರಿಗೆ ತಾಯಿಯಾದದ್ದನ್ನು ನೆನೆದರೆ, ಆ ಕಾಲದ ಚಿತ್ರರಂಗ ಪೋಷಕ ನಟರಿಂದ ಏನನ್ನು ಕೇಳುತ್ತಿತ್ತು ಎಂಬುದು ಗೊತ್ತಾಗುತ್ತದೆ. ನಾಯಕನ ಪ್ರಾಯ ನಿಂತಲ್ಲೇ ನಿಲ್ಲಬೇಕಾದರೆ ಸುತ್ತಲಿನವರು ಅವಸರದಲ್ಲಿ ಮುದುಕರಾಗಬೇಕಿತ್ತು. ಮೂವತ್ತು ದಾಟಿದ ನಟ ಕೂದಲಿಗೆ ಬಿಳಿ ಬಳಿದುಕೊಂಡು, ತನ್ನದೇ ಓರಗೆಯವನ ತಲೆ ಸವರಿ ‘ಮಗೂ’ ಎನ್ನಬೇಕು. ಕೊಟ್ಟಕೊನೆಯ ಪ್ರೇಕ್ಷಕನೂ ಅದನ್ನು ನಂಬಬೇಕು. 350ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಶ್ವಥ್ ಹೊತ್ತ ಹೊಣೆ ಇಂಥದು. ಇದಕ್ಕೆ ಚಿತ್ರರಂಗ ಕೊಟ್ಟ ಗೌರವ ಬಹಳ ಕಡಿಮೆಯಾಯಿತು ಎಂದು ನಾನು ದುಃಖದಿಂದಲೇ ಹೇಳುತ್ತೇನೆ.

ಈಗ ‘ನಾಗರಹಾವು’ ಚಿತ್ರಕ್ಕೆ ಬರುತ್ತೇನೆ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದಾಗಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಚಿತ್ರ. ಜನ ಅದನ್ನು ವಿಷ್ಣುವರ್ಧನ್ ಅವರ ರಾಮಾಚಾರಿಗಾಗಿ ನೆನೆಯುತ್ತಾರೆ, ಅದು ನ್ಯಾಯವೇ. ಆದರೆ ರಾಮಾಚಾರಿಯ ಕೋಪ ನಮಗೆ ಬರೀ ಪುಂಡಾಟವಾಗಿ ಕಾಣದಿರುವುದು ಚಾಮಯ್ಯ ಮೇಷ್ಟ್ರು ಇರುವುದರಿಂದ. ಊರೆಲ್ಲ ‘ಹಾಳಾದವನು’ ಎಂದು ದೂರುವ ಹುಡುಗನನ್ನು ಒಬ್ಬ ಗುರು ಮತ್ತು ಅವರ ಹೆಂಡತಿ ತುಂಗಮ್ಮ ಎದೆಗವಚಿಕೊಂಡಿದ್ದಾರೆ. ತುಂಗಮ್ಮನ ಪಾತ್ರ ಲೀಲಾವತಿಯವರದು. ಮಕ್ಕಳಿಲ್ಲದ ಆ ಮನೆಯೊಳಗೆ ರಾಮಾಚಾರಿ ಕಾಲಿಟ್ಟಾಗ ಅಶ್ವಥ್ ಅವರ ಕಣ್ಣು ಹಿಗ್ಗುವುದನ್ನು ಗಮನಿಸಿ. ಅಲ್ಲಿ ಮೇಷ್ಟ್ರಿಗೂ ಒಬ್ಬ ಮಗ ಬೇಕಾಗಿದೆ. ಅವರ ಪ್ರೀತಿಯಲ್ಲಿ ಆ ಹಸಿವೂ ಸೇರಿದೆ.

ಆ ಹಸಿವೇ ಮುಂದೆ ಅನಾಹುತಕ್ಕೆ ದಾರಿ. ರಾಮಾಚಾರಿ ಅಲಮೇಲು ಎಂಬ ಹುಡುಗಿಯನ್ನು ಪ್ರೀತಿಸುತ್ತಾನೆ; ಅವಳನ್ನು ಮರೆತುಬಿಡು ಎಂದು ಮೇಷ್ಟ್ರು ಅವನಿಗೆ ಹೇಳುವ ಸನ್ನಿವೇಶದಲ್ಲಿ ಅವರ ಬೆನ್ನಿಗೆ ಇರುವುದು ಜಾತಿ, ಮನೆತನ, ಲೋಕರೂಢಿಯ ಲೆಕ್ಕಾಚಾರ. ಬೇರೆ ನಟನಾಗಿದ್ದರೆ ಗದರಿಸುತ್ತಿದ್ದ, ಇಲ್ಲವೇ ಕಾಲಿಗೆ ಬಿದ್ದು ಅಳುತ್ತಿದ್ದ. ಅಶ್ವಥ್ ದನಿಯನ್ನು ಏರಿಸುವುದೇ ಇಲ್ಲ. ತನ್ನ ಮಾತನ್ನು ಈ ಹುಡುಗ ಮೀರಲಾರ ಎಂಬ ಅರಿವು ಅವರ ದನಿಯಲ್ಲಿದೆ. ಆ ಅರಿವಿನಿಂದ ಅವರಿಗೇ ಸ್ವಲ್ಪ ಅಳುಕು. ಆದರೂ ಅದನ್ನು ಬಳಸಿಕೊಳ್ಳುತ್ತಾರೆ. ರಾಮಾಚಾರಿ ಒಪ್ಪುತ್ತಾನೆ, ಯಾರಿಗೂ ಬಗ್ಗದವನು ಪ್ರೀತಿಗೆ ಬಗ್ಗುತ್ತಾನೆ. ಒಪ್ಪಿಸಿದ ಸಮಾಧಾನ, ಮುರಿದದ್ದನ್ನು ಕಂಡ ಸಂಕಟ ಎರಡೂ ಅಶ್ವಥ್ ಅವರ ಮುಖದ ಮೇಲೆ ಏಕಕಾಲಕ್ಕೆ ಹಾದುಹೋಗುತ್ತವೆ.

ಆ ಮಾತಿನ ಫಲವನ್ನು ಕಥೆ ಮುಚ್ಚಿಡುವುದಿಲ್ಲ. ಮದುವೆಯಾಗಿ ಹೋದ ಅಲಮೇಲು ಮುಂದೆ ಯಾವ ಗತಿಗೆ ಬಂದಳೆಂಬುದನ್ನು ರಾಮಾಚಾರಿ ಕಣ್ಣಾರೆ ಕಾಣುತ್ತಾನೆ. ರಾಮಾಚಾರಿ ಆಮೇಲೆ ಮೆಚ್ಚಿದ ಕ್ರೈಸ್ತ ಹುಡುಗಿ ಮಾರ್ಗರೆಟ್ ವಿಷಯಕ್ಕೆ ಬಂದಾಗ ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ. ಈ ಸಲ ಮತದ ಗೋಡೆ. ಚಿತ್ರದುರ್ಗದ ಬೆಟ್ಟದ ಮೇಲಿನ ಆ ಕೊನೆಯ ವಾಗ್ವಾದದಲ್ಲಿ ರಾಮಾಚಾರಿ ಕೇಳುವ ಪ್ರಶ್ನೆಗಳಿಗೆ ಚಾಮಯ್ಯನ ಬಳಿ ಸರಿಯಾದ ಉತ್ತರವಿಲ್ಲ. ಇಲ್ಲಿಯೇ ಅಶ್ವಥ್ ದೊಡ್ಡ ನಟರಾಗುವುದು. ಪಾತ್ರದ ಪರವಾಗಿ ಅವರು ಪ್ರೇಕ್ಷಕನ ಮುಂದೆ ವಕಾಲತ್ತು ವಹಿಸುವುದಿಲ್ಲ. ಮೇಷ್ಟ್ರು ಹಟ ಬಿಡುವುದಿಲ್ಲ, ಮೆತ್ತಗಾಗುವುದಿಲ್ಲ, ತಾನು ಹೇಳಿದ್ದೇ ಧರ್ಮ ಎಂದು ನಂಬಿಯೇ ನಿಂತಿರುತ್ತಾರೆ. ಜನಪ್ರಿಯ ನಟನಿಗೆ, ಅದರಲ್ಲೂ ‘ಒಳ್ಳೆಯವನು’ ಎಂಬ ಹೆಸರಿನ ಮೇಲೆ ಬದುಕುವ ನಟನಿಗೆ, ಇದು ಸುಲಭದ ತ್ಯಾಗವಲ್ಲ. ನಾವು ಚಾಮಯ್ಯನನ್ನು ದ್ವೇಷಿಸಲಾರೆವು, ಕ್ಷಮಿಸಲೂ ಆರೆವು. ನಮ್ಮ ಮನೆಗಳಲ್ಲಿ, ನಮ್ಮ ಒಳ್ಳೆಯದಕ್ಕೆಂದೇ ನಮ್ಮನ್ನು ತಡೆದ ಹಿರಿಯರೆಲ್ಲ ಆ ಮುಖದಲ್ಲಿ ಕಾಣುತ್ತಾರೆ.

ತ.ರಾ.ಸು. ಅವರಿಗೆ ಚಿತ್ರ ಹಿಡಿಸಲಿಲ್ಲ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಅವರ ಆಕ್ಷೇಪಗಳಲ್ಲಿ ಹುರುಳಿದ್ದೀತು. ಚಾಮಯ್ಯನ ಮಟ್ಟಿಗೆ ಮಾತ್ರ ನಾನು ಪರದೆಯ ಕಡೆಯೇ ನಿಲ್ಲುತ್ತೇನೆ. ಈ ಪಾತ್ರಕ್ಕೆ ಅಶ್ವಥ್ ಅವರಿಗೆ ರಾಜ್ಯ ಪ್ರಶಸ್ತಿ ಬಂತು.

ಆಮೇಲಿನ ಎರಡು ದಶಕಗಳಲ್ಲಿ ಅವರಿಗೆ ಇಂಥ ಪಾತ್ರ ಸಿಕ್ಕಿದ್ದು ಅಪರೂಪ. ಸಿಕ್ಕಿದ ಅಪ್ಪಂದಿರಲ್ಲಿ ಬಹುಪಾಲು ಬರವಣಿಗೆಯಲ್ಲೇ ಬಡವಾದವರು; ಅಶ್ವಥ್ ತಮ್ಮ ಕಂಠದಿಂದ ಅವರಿಗೆ ಜೀವ ತುಂಬಿದರು. 1990ರ ದಶಕದ ಮಧ್ಯದಲ್ಲಿ ನಟನೆಯಿಂದ ನಿವೃತ್ತರಾದರು. 2000ದಲ್ಲಿ ತೆರೆಕಂಡ ‘ಶಬ್ದವೇಧಿ’ಗಾಗಿ ಮತ್ತೆ ಬಣ್ಣ ಹಚ್ಚಿದರು. ಅದು ರಾಜ್‌ಕುಮಾರ್ ಅವರ ಕೊನೆಯ ಚಿತ್ರವಾಯಿತು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಮೈಸೂರಿನಲ್ಲಿ ತೀರಿಕೊಂಡರು. ಮೂರು ವಾರ ಕಳೆಯುವ ಮೊದಲೇ, 2010ರ ಜನವರಿ 18ರಂದು, ಅದೇ ಊರಿನಲ್ಲಿ ಅಶ್ವಥ್ ಕೂಡ.

ಇಲ್ಲಿ ನಟನೆ ಕಲಿಯುತ್ತಿರುವ ಯುವಕ ಯುವತಿಯರು ಬಂದಿದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ‘ನಾಗರಹಾವು’ 2018ರಲ್ಲಿ ಹೊಸ ಮೆರುಗಿನೊಂದಿಗೆ ಮತ್ತೆ ಬಿಡುಗಡೆಯಾಗಿದೆ, ನೋಡಲು ಕಷ್ಟವೇನಿಲ್ಲ. ಅಲಮೇಲುವಿನ ವಿಷಯವಾಗಿ ಮೇಷ್ಟ್ರು ರಾಮಾಚಾರಿಯನ್ನು ಒಪ್ಪಿಸುವ ಆ ಒಂದು ಸನ್ನಿವೇಶವನ್ನು ಮೊದಲು ದನಿ ಆರಿಸಿ ನೋಡಿ. ಮಾತಾಡದ ಗಳಿಗೆಗಳಲ್ಲಿ ಅಶ್ವಥ್ ಏನು ಮಾಡುತ್ತಿದ್ದಾರೆ ಎಂದು ಬರೆದುಕೊಳ್ಳಿ. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ. ಉಸಿರು ಎಲ್ಲಿ ತೆಗೆದುಕೊಂಡರು ಎಂದು ಗುರುತು ಹಾಕಿಕೊಳ್ಳಿ. ಮುಂದಿನ ವಾರ ನಿಮ್ಮ ತಾಲೀಮಿನಲ್ಲಿ, ಎದುರಿನ ಪಾತ್ರ ಕೂಗಾಡುವಾಗ, ನೀವು ಏನು ಮಾಡುತ್ತಿದ್ದೀರಿ ಎಂಬುದನ್ನು ಆ ಟಿಪ್ಪಣಿಯ ಪಕ್ಕದಲ್ಲಿಟ್ಟು ನೋಡಿಕೊಳ್ಳಿ.